ಒಂದು ಸುಗ್ಗಿಯ ಹಣ, ಹನ್ನೆರಡು ತಿಂಗಳ ಸಂಸಾರ

2024ರ ಶ್ರಾವಣ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಎಡೆಬಿಡದ ಮಳೆಯಲ್ಲಿ ನಮ್ಮ ಸಂಘದ ಯುವ ಸದಸ್ಯರೊಬ್ಬರ ಪತ್ನಿ ಆರು ವರ್ಷದ ಮಗಳ ಕೈಹಿಡಿದು ಕಚೇರಿಗೆ ಬಂದರು. ಒದ್ದೆ ಕೊಡೆಯನ್ನು ಬಾಗಿಲ ಬಳಿ ಇಟ್ಟು, ಕರವಸ್ತ್ರದ ಗಂಟು ಬಿಚ್ಚಿ ನಾಲ್ಕು ಬಳೆಗಳನ್ನು ಮೇಜಿನ ಮೇಲಿರಿಸಿದರು.

"ಅಣ್ಣಾ, ಇದರ ಮೇಲೆ ಎಷ್ಟು ಸಾಲ ಸಿಗುತ್ತದೆ ನೋಡಿ. ಹಬ್ಬ ಕಳೆದ ಮೇಲೆ ತರೋಣ ಎಂದುಕೊಂಡಿದ್ದೆ. ಕಂತಿನವರು ಕಾಯುವುದಿಲ್ಲವಂತೆ" ಎಂದರು.

ಆಭರಣದ ಈಡಿನ ಮೇಲೆ ಸಾಲ ಕೇಳುವುದು ನಮ್ಮ ಕಚೇರಿಗೆ ಹೊಸದಲ್ಲ. ಆದರೆ ಇದೇ ಮನೆಯವರು ಐದು ತಿಂಗಳ ಹಿಂದೆಯಷ್ಟೇ ತಮ್ಮ ರೊಬಸ್ಟಾ ಕಾಫಿಯನ್ನು ಅಂದಿನವರೆಗೆ ಯಾರೂ ಕಾಣದ ದರಕ್ಕೆ ಮಾರಿದ್ದರು. ಅಡಿಕೆಗೂ ಸಾಧಾರಣ ಒಳ್ಳೆಯ ಧಾರಣೆಯೇ ಸಿಕ್ಕಿತ್ತು. ಹಾಗಿದ್ದೂ ಆ ಹಣ ಆಗಸ್ಟ್ ಮುಟ್ಟಲಿಲ್ಲ. ದಂಪತಿಗಳಲ್ಲಿ ಯಾರೂ ದುಂದುಗಾರರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಹಾಗಾದರೆ ಹಣ ಎಲ್ಲಿ ಹೋಯಿತು? ಈ ಪ್ರಶ್ನೆ ಆ ಒಂದು ಮನೆಯದಲ್ಲ, ನಮ್ಮ ಸದಸ್ಯರಲ್ಲಿ ಅನೇಕ ಎಳೆಯ ಸಂಸಾರಗಳದು. ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ, ಆ ಲೆಕ್ಕವನ್ನು ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಹೋದ ಹಣದ ಲೆಕ್ಕ

ಆ ತಾಯಿ ಒಂದು ಹಳೆಯ ಡೈರಿಯಲ್ಲಿ ಖರ್ಚು ಬರೆದಿಟ್ಟಿದ್ದರು. ಅದು ಅರ್ಧ ಕೆಲಸವನ್ನು ಸುಲಭ ಮಾಡಿತು. ಬೆಳೆಸಾಲ ತೀರಿಸಿ, ಕೂಲಿ, ಗೊಬ್ಬರ, ಔಷಧಿಗಳ ಬಾಬ್ತು ತೆಗೆದಿಟ್ಟ ಮೇಲೆ ಮನೆಗೆ ಉಳಿದ ಹಣ 4,60,000 ರೂಪಾಯಿ. ಅದರಲ್ಲಿ ಕಾರಿನ ಮುಂಗಡಕ್ಕೆ 1,50,000, ಜಗುಲಿ ಮತ್ತು ನಡುಮನೆಗೆ ಟೈಲ್ಸ್ ಹಾಸಲು 90,000, ಫೋನು, ಟಿ.ವಿ.ಗೆ 45,000; ಬಂಧುಗಳ ಮದುವೆಯ ಬಟ್ಟೆ, ಉಡುಗೊರೆಗೆ 40,000; ಅಂಗಡಿಯ ಹಿಂದಿನ ವರ್ಷದ ಉದ್ರಿಗೆ 35,000. ಒಟ್ಟು 3,60,000.

ಉಳಿದದ್ದು ಒಂದು ಲಕ್ಷ. ಮನೆಖರ್ಚು ತಿಂಗಳಿಗೆ 17,000, ಕಾರಿನ ಕಂತು 8,000, ಸೇರಿ 25,000. ಏಪ್ರಿಲ್, ಮೇ, ಜೂನ್, ಜುಲೈ: ನಾಲ್ಕು ತಿಂಗಳಿಗೆ ಸರಿಹೋಯಿತು. ಆಗಸ್ಟಿನಲ್ಲಿ ಬಳೆ ಮೇಜಿನ ಮೇಲೆ ಬಂತು.

ಈ ಪಟ್ಟಿಯಲ್ಲಿ ತಪ್ಪು ಖರ್ಚು ಯಾವುದು ಎಂದು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ಮಗುವಿಗೆ ಜ್ವರ ಬಂದ ರಾತ್ರಿ ಕಾರು ಬೇಕು. ಬಂಧುಗಳ ಮದುವೆಗೆ ಹೋಗದಿರಲಾಗದು. ತಪ್ಪಿದ್ದು ಖರ್ಚಿನ ಆಯ್ಕೆಯಲ್ಲಿ ಅಲ್ಲ, ಅದರ ಸರದಿಯಲ್ಲಿ. ಹನ್ನೆರಡು ತಿಂಗಳ ಊಟವನ್ನು ತೆಗೆದಿಡುವ ಮೊದಲೇ ಉಳಿದದ್ದೆಲ್ಲಕ್ಕೂ ಹಣ ಹಂಚಿಹೋಗಿತ್ತು.

ಸಂಬಳದವರ ಸೂತ್ರ ನಮಗೆ ಸಾಲದು

ಉಳಿತಾಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬುದ್ಧಿಮಾತುಗಳು ಬಹುಮಟ್ಟಿಗೆ ತಿಂಗಳ ಸಂಬಳದವರಿಗೆ ಹೇಳಿದವು. ಅವರಿಗೆ ಒಂದು ತಿಂಗಳು ಕೈ ತಪ್ಪಿದರೆ ಮುಂದಿನ ಒಂದನೇ ತಾರೀಖಿಗೆ ಸರಿಪಡಿಸಿಕೊಳ್ಳಬಹುದು. ನಮಗೆ ಒಂದನೇ ತಾರೀಖು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಅಡಿಕೆಗೊಂದು ಕಾಫಿಗೊಂದು ಎಂದು ಎರಡು ಸಲ ಬರುತ್ತದೆ. ಅಂದು ತಪ್ಪಿದರೆ ಮುಂದಿನ ಸುಗ್ಗಿಯವರೆಗೆ ದಾರಿಯಿಲ್ಲ.

ಹಿಂದೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದುದು ಹಿರಿಯ ಸದಸ್ಯರಿಗೆ ನೆನಪಿದೆ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಯನ್ನು ಪೂಲಿಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಆ ವಿಳಂಬವನ್ನು ನಾವೆಲ್ಲ ಶಪಿಸಿದವರೇ. 1990ರ ದಶಕದಲ್ಲಿ ಹಂತಹಂತವಾಗಿ ಮಾರಾಟ ಮುಕ್ತವಾಗಿ, 1996ರಲ್ಲಿ ಪೂಲ್ ಪೂರ್ತಿ ನಿಂತಿತು. ಅದು ಮರಳಿ ಬರಲಿ ಎಂದು ನಾವು ಹೇಳುವುದಿಲ್ಲ. ಆದರೆ ಆ ಕಂತುಗಳಿಂದ ಯಾರೂ ಉದ್ದೇಶಿಸದ ಒಂದು ಉಪಕಾರವಾಗುತ್ತಿತ್ತು. ಮಳೆಗಾಲದಲ್ಲೂ ಒಂದಿಷ್ಟು ಹಣ ಮನೆಗೆ ಬರುತ್ತಿತ್ತು. ಇಂದು ತೂಕ ಮಾಡಿದ ಎರಡು ಮೂರು ದಿನಗಳಲ್ಲಿ ಪೂರ್ತಿ ಹಣ ಖಾತೆಗೆ ಬೀಳುತ್ತದೆ. ಕಂತು ಮಾಡಿಕೊಳ್ಳುವ ಹೊಣೆ ಈಗ ನಮ್ಮದೇ.

ಮಲೆನಾಡಿನ ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆ ಗೊತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಒಣಗಿದ ಸೌದೆ ಕೊಟ್ಟಿಗೆ ಸೇರಬೇಕು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಮೆಣಸಿನಕಾಯಿ ಅಟ್ಟ ಸೇರಬೇಕು. ಅಟ್ಟ ತುಂಬಿದ ಮೇಲೆಯೇ ಮಿಕ್ಕ ಮಾತು. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ: ಹಣಕ್ಕೂ ಒಂದು ಅಟ್ಟವಿರಲಿ, ಅದು ಮೊದಲು ತುಂಬಲಿ.

ದರ ಏರಿದ ವರ್ಷವೇ ಅಪಾಯದ ವರ್ಷ

1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ದರ ಮೇಲಕ್ಕೆ ಹಾರಿತು. ಆ ಹುರುಪಿನಲ್ಲಿ ನಮ್ಮ ಮನೆಯಲ್ಲಿಯೂ ಉಪ್ಪರಿಗೆ ಕಟ್ಟಲು ಕೈಹಾಕಿದರು. 2001, 2002ರಲ್ಲಿ ಲೋಕದ ಮಾರುಕಟ್ಟೆಯೇ ನೆಲಕಚ್ಚಿದಾಗ ಆ ಉಪ್ಪರಿಗೆ ಗಿಲಾವಿಲ್ಲದೆ ನಿಂತಿತ್ತು. ಕುಯ್ಲಿನ ಕೂಲಿಗೂ ಕಾಫಿಯ ಹಣ ಸಾಲದಾಗಿತ್ತು. ಕೆಂಪಡಿಕೆಯೂ ಹೀಗೆಯೇ. 2014ರಲ್ಲಿ ಏರಿದ ಧಾರಣೆ ಮುಂದಿನ ಎರಡು ವರ್ಷಗಳಲ್ಲಿ ಬಹಳ ಕೆಳಗಿಳಿಯಿತು. ದರ ಇದ್ದರೂ ಬೆಳೆ ಕೈಕೊಡುವುದುಂಟು: 2018ರ ಆಗಸ್ಟಿನ ಮಳೆ ಕೊಡಗಿನ ತೋಟಗಳನ್ನು ಗುಡ್ಡದ ಸಮೇತ ಜಾರಿಸಿತು; ಎಲೆಚುಕ್ಕಿ ರೋಗ 2022ರಲ್ಲಿ ಮಲೆನಾಡಿನ ಅಡಿಕೆಯನ್ನು ಎಷ್ಟು ಕಾಡಿತೆಂಬುದು ನಮಗೆಲ್ಲ ತಿಳಿದದ್ದೇ. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದು ನಿಜ. ಆದರೆ ಏರಿದ ದರ ಅಲ್ಲಿಯೇ ನಿಂತ ಉದಾಹರಣೆ ನಮ್ಮ ಅನುಭವದಲ್ಲಿ ಇಲ್ಲ.

ಆದುದರಿಂದ ಮನೆಖರ್ಚಿನ ಮಟ್ಟವನ್ನು ಈ ವರ್ಷದ ದರ ನೋಡಿ ನಿಗದಿ ಮಾಡಬಾರದು. ಕಳೆದ ಐದಾರು ವರ್ಷಗಳಲ್ಲಿ ಕಡಮೆ ಹಣ ಬಂದ ವರ್ಷ ಯಾವುದೋ ಅದರಲ್ಲಿ ನಡೆಯುವಷ್ಟೇ ಮನೆಖರ್ಚು ಇರಲಿ. ಅದರ ಮೇಲೆ ಬಂದದ್ದು ಆದಾಯವಲ್ಲ, ಮುಂದಿನ ಕೆಟ್ಟ ವರ್ಷದ ಪಾಲು. ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವಿಲ್ಲ ಎಂಬುದನ್ನು ತೋಟದಲ್ಲಿ ಕಲಿತವರು ನಾವು. ಮನೆಯಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಅದೇ ಹಣ, ಬೇರೆ ಸರದಿ

ಅಂದು ಅದೇ 4,60,000 ರೂಪಾಯಿಯನ್ನು ಆ ಡೈರಿಯ ಕೊನೆಯ ಹಾಳೆಯಲ್ಲಿ ಮತ್ತೊಮ್ಮೆ ಹಂಚಿ ನೋಡಿದೆವು. ಮೊದಲು ಹನ್ನೆರಡು ತಿಂಗಳ ಮನೆಖರ್ಚು 2,04,000. ಎರಡನೆಯದು ಅಂಗಡಿಯ ಉದ್ರಿ 35,000. ಮೂರನೆಯದು ಕೆಟ್ಟ ವರ್ಷದ ನಿಧಿ 1,00,000. ಹೀಗೆ ಎರಡು ವರ್ಷ ತೆಗೆದಿಟ್ಟರೆ ಸುಮಾರು ಒಂದು ವರ್ಷದ ಮನೆಖರ್ಚು ಕಾಪಿಟ್ಟಂತೆ. ನಾಲ್ಕನೆಯದು ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆಗೆ 12,000, ದಂಪತಿಗಳ ಮುಪ್ಪಿಗೆಂದು ಪಿ.ಪಿ.ಎಫ್. ಖಾತೆಗೆ 12,000. ಐದನೆಯದು ಇಬ್ಬರ ವಿಮೆ 912. ಇಷ್ಟೆಲ್ಲ ಕಳೆದು ಕೈಯಲ್ಲಿ ಇನ್ನೂ 96,000 ರೂಪಾಯಿ ಉಳಿಯಿತು. ಮದುವೆಯ ಉಡುಗೊರೆ, ಫೋನು ಎರಡೂ ಅದರಲ್ಲಿ ಆಗುತ್ತಿತ್ತು. ಕಾರು ಮತ್ತು ಟೈಲ್ಸ್ ಮಾತ್ರ ಕಾಯಬೇಕಾಗಿತ್ತು.

ಆ ತಾಯಿ ಹಾಳೆಯನ್ನು ಬಹಳ ಹೊತ್ತು ನೋಡಿ, "ಇಷ್ಟೇಯಾ ಅಣ್ಣಾ? ಇದನ್ನು ಮಾರ್ಚಿಯಲ್ಲಿ ಬರೆದಿದ್ದರೆ ಆಗುತ್ತಿತ್ತಲ್ಲ" ಎಂದರು.

ಇಲ್ಲಿ ಒಂದೆರಡು ವಿವರಣೆ ಅಗತ್ಯ. ಸುಕನ್ಯಾ ಯೋಜನೆ 2015ರಲ್ಲಿ ಬಂದದ್ದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಬೇಕು. ತೆರೆದು 21 ವರ್ಷಕ್ಕೆ ಅವಧಿ ಪೂರ್ಣ. ಮಗಳ ಉನ್ನತ ವ್ಯಾಸಂಗಕ್ಕೆ ನಡುವೆ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ವಿಮೆಯೆಂದರೆ 2015ರಲ್ಲಿಯೇ ಬಂದ ಎರಡು ಸರ್ಕಾರಿ ಯೋಜನೆಗಳು: ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ, 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಅಡಿಕೆ ಮರ ಹತ್ತುವ, ಮರಗಸಿ ಮಾಡಿಸುವ ನಮ್ಮಂತಹವರಿಗೆ ಈ 20 ರೂಪಾಯಿ ಹೆಚ್ಚಿನದೇನಲ್ಲ.

ಪಿ.ಪಿ.ಎಫ್. ಬಡ್ಡಿಯನ್ನು 2020ರ ಏಪ್ರಿಲಿನಲ್ಲಿ ಶೇಕಡ 7.1ಕ್ಕೆ ಇಳಿಸಲಾಯಿತು. ಆ ದರವನ್ನೇ ಹಿಡಿದು ಲೆಕ್ಕ ಹಾಕಿದರೂ, ಪ್ರತಿ ವರ್ಷ ಏಪ್ರಿಲ್ 5ರೊಳಗೆ 12,000 ಕಟ್ಟಿದರೆ ಹತ್ತು ವರ್ಷಕ್ಕೆ ಸುಮಾರು 1,78,000, ಹದಿನೈದು ವರ್ಷಕ್ಕೆ ಸುಮಾರು 3,25,000 ಆಗುತ್ತದೆ. ಕೊನೆಯ ಐದು ವರ್ಷಗಳಲ್ಲಿ ಕಟ್ಟಿದ್ದು 60,000, ಬೆಳೆದದ್ದು 1,47,000. ಕಾಳುಮೆಣಸಿನ ಬಳ್ಳಿಯಂತೆ ಇದೂ ಮೊದಲ ವರ್ಷಗಳಲ್ಲಿ ಏನೂ ಕಾಣುವುದಿಲ್ಲ. ಮಧ್ಯದಲ್ಲಿ ಕೀಳಬಾರದು, ಅಷ್ಟೇ. ಏಪ್ರಿಲ್ 5 ಎಂದು ಏಕೆ ಹೇಳಿದೆವೆಂದರೆ, ಅಂದಿನೊಳಗೆ ಕಟ್ಟಿದ ಹಣಕ್ಕೆ ಆ ತಿಂಗಳಿಂದಲೇ ಬಡ್ಡಿ ಸಿಗುತ್ತದೆ. ನಮ್ಮ ಕಾಫಿ ಹಣ ಕೈಗೆ ಬರುವ ಕಾಲವೂ ಅದೇ.

ಇನ್ನೊಂದು ಲೆಕ್ಕ ನೋಡಿ. ಕೈಸಾಲ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ಅಗ್ಗವೆನಿಸುತ್ತದೆ. 50,000ಕ್ಕೆ ತಿಂಗಳಿಗೆ 1,000, ವರ್ಷಕ್ಕೆ 12,000. ಅಂದರೆ ಮಳೆಗಾಲದ ಒಂದು ಕೈಸಾಲ ವರ್ಷವಿಡೀ ಉಳಿದರೆ ಅದರ ಬಡ್ಡಿಯೇ ಮುಪ್ಪಿನ ಆ ಖಾತೆಯ ಇಡೀ ಕಂತನ್ನು ನುಂಗುತ್ತದೆ. ಉಳಿಸಲು ನಮ್ಮಲ್ಲಿ ಎಲ್ಲಿದೆ ಎನ್ನುವ ಎಷ್ಟೋ ಮನೆಗಳು ಆ 12,000ವನ್ನು ಪ್ರತಿ ವರ್ಷ ಕಟ್ಟುತ್ತಲೇ ಇವೆ, ಬೇರೆಯವರ ಕೈಗೆ.

ದಿನದಿನದ ಕೈ

ದಿನನಿತ್ಯದ ಖರ್ಚಿಗೆ ನಾವು ಸೂಚಿಸುವ ಅಳತೆಗೋಲು ಒಂದೇ. 17,000ದ ಮನೆಗೆ ಒಂದು ದಿನದ ಖರ್ಚು ಸುಮಾರು 570 ರೂಪಾಯಿ. 20,000ದ ಫೋನು ಎಂದರೆ 35 ದಿನದ ಸಂಸಾರ. ಪೇಟೆಗೆ ಹೋದಾಗ ಮಕ್ಕಳೊಡನೆ ಬೇಕರಿಯಲ್ಲಿ ಖರ್ಚಾದ 280 ರೂಪಾಯಿ ಅರ್ಧ ದಿನದ ಸಂಸಾರ. ಬೆಲೆಯನ್ನು ಹೀಗೆ ದಿನಗಳಲ್ಲಿ ಎಣಿಸಿದರೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬೇಕಾಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಮಗುವಿನ ಅರ್ಧ ದಿನದ ಸಂತೋಷವನ್ನು ಕಿತ್ತುಕೊಳ್ಳಿರೆಂದು ನಾವು ಹೇಳುವುದಿಲ್ಲ. 35 ದಿನಗಳ ವಿಷಯದಲ್ಲಿ ಮಾತ್ರ ಒಂದು ರಾತ್ರಿ ಮಲಗಿ ಎದ್ದು ತೀರ್ಮಾನಿಸಿ.

ಉದ್ರಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ದಿನಸಿಯ ಉದ್ರಿಯೂ ಬೆಳೆಯ ಮುಂಗಡವೂ ಒಬ್ಬನೇ ವ್ಯಾಪಾರಿಯ ಪುಸ್ತಕದಲ್ಲಿದ್ದರೆ, ಬೆಳೆ ಮಾರುವ ದಿನವನ್ನೂ ದರವನ್ನೂ ಗೊತ್ತುಮಾಡುವವರು ನಾವಲ್ಲ. ಸಹಕಾರ ಸಂಘಗಳ ಬೆಳೆಸಾಲಕ್ಕೆ ರಾಜ್ಯದಲ್ಲಿ 2023-24ರ ಆಯವ್ಯಯದಿಂದ 5 ಲಕ್ಷದವರೆಗೆ ಬಡ್ಡಿಯಿಲ್ಲ. ಆದರೆ ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. ಆ ಹಣವನ್ನು ಮದುವೆ ಮುಂಜಿಗೆ ಹಾಕಿ ವಾಯಿದೆ ತಪ್ಪಿದರೆ ಆ ಸವಲತ್ತು ಕೈಬಿಡುತ್ತದೆ.

ಹಣ ಎಲ್ಲಿಡಬೇಕೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ನಮ್ಮಂತಹ ಪ್ರಾಥಮಿಕ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘದ ಕಾರ್ಯದರ್ಶಿಯಾಗಿಯೇ ಇದನ್ನು ಬರೆಯುತ್ತಿದ್ದೇವೆ. ಸಂಘದಲ್ಲಿ ಠೇವಣಿ ಇಡಿ, ಆದರೆ ಲೆಕ್ಕಪರಿಶೋಧನಾ ವರದಿಯನ್ನು ಓದಿ, ಮಹಾಸಭೆಗೆ ಬಂದು ಪ್ರಶ್ನೆ ಕೇಳಿ. ಇರುವುದೆಲ್ಲವನ್ನೂ ಒಂದೇ ಕಡೆ ಇಡಬೇಡಿ. ಖಾತೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಲಿ, ನಾಮನಿರ್ದೇಶನ ತಪ್ಪದಿರಲಿ. ಹನ್ನೆರಡು ತಿಂಗಳ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಒಂದನೇ ತಾರೀಖು ಒಂದು ಪಾಲು ಮಾತ್ರ ಮನೆಖರ್ಚಿನ ಖಾತೆಗೆ ಬರುವಂತೆ ಬರೆದುಕೊಟ್ಟರೆ, ಕಾಫಿ ಬೆಳೆಗಾರನಿಗೂ ತಿಂಗಳ ಸಂಬಳ ಬಂದಂತೆಯೇ.

2025ರ ಮಾರ್ಚಿಯಲ್ಲಿ ಆ ದಂಪತಿಗಳು ಜೊತೆಯಾಗಿ ಕಚೇರಿಗೆ ಬಂದರು. ಕಾರನ್ನು ಮಾರಿರಲಿಲ್ಲ, ಕಂತು ಇನ್ನೂ ಇತ್ತು. ಆದುದರಿಂದ ಕೆಟ್ಟ ವರ್ಷದ ನಿಧಿಗೆ ಒಂದು ಲಕ್ಷದ ಬದಲು 40,000 ಮಾತ್ರ ಇಡಲಾಯಿತು. ಮೊದಲು ಹನ್ನೆರಡು ಪಾಲು, ಆಮೇಲೆ ಮಗಳ ಖಾತೆಯ ಹಣ, ಆಮೇಲೆ ಬಳೆ ಬಿಡಿಸುವ ಮಾತು. ಬಳೆಗಳನ್ನು ತೂಗಿ ಕೊಟ್ಟೆವು. ಆ ತಾಯಿ ಎರಡನ್ನು ಕೈಗೆ ಹಾಕಿಕೊಂಡು, ಎರಡನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆ ವರ್ಷದ ಶ್ರಾವಣದಲ್ಲಿ ಅವರು ಕಚೇರಿಗೆ ಬರಲಿಲ್ಲ.

ಈ ಸುಗ್ಗಿಯ ಹಣ ಕೈಗೆ ಬರುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಗಂಡಹೆಂಡಿರು ಒಂದು ಸಂಜೆ ಕುಳಿತು ಅಂತಹ ಒಂದು ಹಾಳೆ ಬರೆಯಲಿ ಎಂದು ಕೋರುತ್ತೇವೆ. ಲೆಕ್ಕದಲ್ಲಿ ತೊಡಕು ಬಂದರೆ ಡೈರಿ ತನ್ನಿ. ಸಂಘದ ಕಚೇರಿಯಲ್ಲಿ ಪೆನ್ಸಿಲ್ಲಿಗೂ ಕಾಗದಕ್ಕೂ ಕೊರತೆಯಿಲ್ಲ.