ಮನೆಯಲ್ಲಿ ಮಜ್ಜಿಗೆಯ ಬ್ರೆಡ್ಡು

ನಮ್ಮ ಹಿರಿಯರ ಕಾಲದಲ್ಲಿ ಬ್ರೆಡ್ಡು ರೋಗಿಯ ಆಹಾರವಾಗಿತ್ತು. ಜ್ವರ ಬಂದು ಮಲಗಿದವನಿಗೆ ಬಿಸಿ ಹಾಲಿನಲ್ಲಿ ಎರಡು ತುಂಡು ಅದ್ದಿ ಕೊಡುತ್ತಿದ್ದರೇ ಹೊರತು, ಆರೋಗ್ಯವಂತನಾದವನು ಅದನ್ನು ತಿನ್ನುವ ಪರಿಪಾಠ ನಮ್ಮ ಕಡೆಯ ಮನೆಗಳಲ್ಲಿ ಅಷ್ಟಾಗಿ ಇರಲಿಲ್ಲ. ಮಹಾನಗರಕ್ಕೆ ಬಂದ ಮೇಲೆ ಈ ಕ್ರಮ ತಲೆಕೆಳಗಾಗಿದೆ. ಪತಿ-ಪತ್ನಿಯರಿಬ್ಬರೂ ಎಂಟು ಗಂಟೆಯೊಳಗೆ ಮನೆ ಬಿಡಬೇಕಾದ ಕುಟುಂಬಗಳಲ್ಲಿ ದೋಸೆ, ಉಪ್ಪಿಟ್ಟುಗಳು ಭಾನುವಾರದ ಪಾಲಿಗೆ ಉಳಿದು, ಉಳಿದ ಆರು ದಿನಗಳನ್ನು ಬ್ರೆಡ್ಡು ಮತ್ತು ಪಾವುಗಳೇ ಆಕ್ರಮಿಸಿಕೊಂಡಿವೆ. ಅಂದಮೇಲೆ ಅದರೊಳಗೆ ಏನಿದೆ, ಅದನ್ನು ಮನೆಯಲ್ಲಿ ಮಾಡಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸುವುದು ಅಗತ್ಯ. ಯೀಸ್ಟ್ ಇಲ್ಲದೆ, ಮೊಟ್ಟೆಯಿಲ್ಲದೆ, ಹುಳಿ ಮಜ್ಜಿಗೆ ಮತ್ತು ಅಡುಗೆ ಸೋಡಾಗಳ ಬಲದಿಂದ ಉಬ್ಬುವ ಬ್ರೆಡ್ಡಿನ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನು ವಾಣಿಜ್ಯಶಾಸ್ತ್ರ ಓದಿದವನು, ವೈದ್ಯನಲ್ಲ. ಆದ್ದರಿಂದ ಇಲ್ಲಿ ಔಷಧಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿರುವುದು ಸಹಜ.

ನಮ್ಮ ಮನೆಯಲ್ಲಿ ಈ ವಿಚಾರ ಬಂದದ್ದು ತಾಯಿಯವರ ನಿಮಿತ್ತವಾಗಿ. ಅವರು ಧಾರವಾಡದ ಕಡೆಯವರು. ಜೋಳದ ರೊಟ್ಟಿಯ ಮೇಲೆ ಬೆಳೆದ ಜೀವ. ಹಲ್ಲುಗಳು ಹೋದ ಮೇಲೆ ರೊಟ್ಟಿ ಅಗಿಯುವುದು ಅಸಾಧ್ಯವಾಗಿ, ಬೆಳಿಗ್ಗೆ ಸಂಜೆ ಚಹದಲ್ಲಿ ಅದ್ದಿದ ಬ್ರೆಡ್ಡೇ ಆಧಾರವಾಯಿತು. ಅಷ್ಟರಲ್ಲಿ ರಕ್ತದೊತ್ತಡವೂ ಕಾಣಿಸಿಕೊಂಡು, ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಸಾರಿನ ಉಪ್ಪನ್ನು ಕಡಿಮೆ ಮಾಡಬಹುದು, ಉಪ್ಪಿನಕಾಯಿಯ ಭರಣಿಯನ್ನು ಮೇಲಿನ ಹಲಗೆಗೆ ಏರಿಸಬಹುದು. ಅಂಗಡಿಯ ಬ್ರೆಡ್ಡಿನೊಳಗಿರುವ ಉಪ್ಪನ್ನು ಹೊರಗೆ ತೆಗೆಯುವುದು ಹೇಗೆ?

ಉದ್ಯೋಗನಿಮಿತ್ತ ನಾವು ಈಗ ನೆಲೆಸಿರುವುದು ಪುಣೆಯಿಂದ ಸುಮಾರು 50 ಕಿ.ಮೀ. ದೂರದ ಜೇಜುರಿಯಲ್ಲಿ. ಹುಬ್ಬಳ್ಳಿ-ಬೆಳಗಾವಿಗಳಿಂದ ಮಿರಜದ ಮಾರ್ಗವಾಗಿ ಪುಣೆಗೆ ಬರುವ ರೈಲು ಈ ಊರನ್ನು ದಾಟಿಯೇ ಬರಬೇಕು. ಗುಡ್ಡದ ಮೇಲಿನ ಖಂಡೋಬಾ ನಮ್ಮ ಮೈಲಾರಲಿಂಗನೇ ಎಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಭಂಡಾರದ ಅರಿಸಿನದಿಂದ ಇಲ್ಲಿಯ ಮೆಟ್ಟಿಲುಗಳು ಹಬ್ಬದ ದಿನ ಹಳದಿಯಾಗುತ್ತವೆ. ಮಾರ್ಗಶಿರ ಶುದ್ಧ ಷಷ್ಠಿಯಂದು, ಅಂದರೆ ಚಂಪಾಷಷ್ಠಿಗೆ, ದೇವರಿಗೆ ಬದನೆಕಾಯಿಯ ಭರಿತ ಮತ್ತು ರೋಡಗೆಯ ನೈವೇದ್ಯವಾಗುತ್ತದೆ. ರೋಡಗಾ ಎಂದರೆ ಗೋಧಿ ಹಿಟ್ಟಿನ ದಪ್ಪ ಉಂಡೆ. ಸಂಪ್ರದಾಯದಂತೆ ಬೆರಣಿಯ ಕೆಂಡದಲ್ಲಿ ಸುಡುವಂಥದು. ಹಿಟ್ಟನ್ನು ಕೆಂಡದ ಶಾಖದಲ್ಲಿ ಒಳಗಿನವರೆಗೂ ಬೇಯಿಸುವ ಈ ವಿದ್ಯೆ ಬೇಕರಿಯ ವಿದ್ಯೆಯೇ ಅಲ್ಲವೇ? ಪಾವ್ ಎಂಬ ಶಬ್ದ ಪೋರ್ತುಗೀಜರಿಂದ ಬಂದಿರಬಹುದು. ಹಿಟ್ಟು ಸುಡುವುದನ್ನು ನಾವು ಅವರಿಂದ ಕಲಿಯಬೇಕಾಗಿರಲಿಲ್ಲ. ರೋಡಗೆಯಲ್ಲಿ ಇಲ್ಲದ್ದು ಒಂದೇ, ಅದು ಉಬ್ಬುವುದಿಲ್ಲ. ಉಬ್ಬಿ ಮೃದುವಾಗದೆ ಹಲ್ಲಿಲ್ಲದವರಿಗೆ ಪ್ರಯೋಜನವಿಲ್ಲ.

ಮುಂದೆ ಹೋಗುವ ಮೊದಲು ಬೇಕರಿಯವರಿಗೂ ನ್ಯಾಯ ಸಲ್ಲಿಸಬೇಕು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 38 ಬಗೆಯ ಬ್ರೆಡ್ಡು-ಪಾವುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆಯೆಂದು ಪ್ರಕಟಿಸಿದಾಗ ದೊಡ್ಡ ಗದ್ದಲವಾಯಿತು. ಹಿಟ್ಟು ಚೆನ್ನಾಗಿ ಉಬ್ಬಲೆಂದು ಬೆರೆಸುತ್ತಿದ್ದ ಬ್ರೋಮೇಟನ್ನು ಆಹಾರ ಸುರಕ್ಷತಾ ಪ್ರಾಧಿಕಾರವು ಅದೇ ವರ್ಷ ನಿಷೇಧಿಸಿತು. ಆದ್ದರಿಂದ ಬೇಕರಿಯ ಬ್ರೆಡ್ಡೆಲ್ಲ ವಿಷವೆಂದು ಇಂದು ಹೆದರಿಸುವುದು ಸರಿಯಲ್ಲ. ನನ್ನ ಆಕ್ಷೇಪ ಇರುವುದು ಮೈದಾದ ಮೇಲೆ. ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿನಂಶವಿದ್ದರೆ, ಅಷ್ಟೇ ಮೈದಾದಲ್ಲಿ ಮೂರು ಗ್ರಾಂ ಕೂಡ ಇರುವುದಿಲ್ಲ. ಕಂದು ಬಣ್ಣವನ್ನು ನೋಡಿ ಗೋಧಿಯ ಬ್ರೆಡ್ಡೆಂದು ನಂಬಬಾರದು. ಕರಿಸಿದ ಸಕ್ಕರೆಯಿಂದಲೂ ಆ ಬಣ್ಣ ಬರುತ್ತದೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಮೊದಲ ಹೆಸರು ಯಾವುದೆಂದು ಓದಿದರೆ ಸಾಕು.

ಇನ್ನು ಉಬ್ಬುವ ವಿಚಾರ. ಮಜ್ಜಿಗೆಯ ಹುಳಿಗೆ ಕಾರಣ ಲ್ಯಾಕ್ಟಿಕ್ ಆಮ್ಲ. ಅಡುಗೆ ಸೋಡಾ ಕ್ಷಾರ. ಇವೆರಡೂ ಕೂಡಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ, ಹಿಟ್ಟಿನೊಳಗೆ ಸಿಕ್ಕಿಬಿದ್ದು ಅದನ್ನು ಉಬ್ಬಿಸುತ್ತದೆ. ಯೀಸ್ಟಿಗಾದರೆ ಗಂಟೆಗಟ್ಟಲೆ ಕಾಯಬೇಕು. ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸೋಡಾ ಅಗ್ಗವಾಗಿ ದೊರೆಯಲಾರಂಭಿಸಿದಾಗ ಐರ್ಲೆಂಡಿನ ರೈತ ಮಹಿಳೆಯರು ಈ ಬ್ರೆಡ್ಡನ್ನು ತಮ್ಮ ನಿತ್ಯದ ಆಹಾರವಾಗಿ ಮಾಡಿಕೊಂಡರು. ಅಲ್ಲಿಯ ಗೋಧಿ ಮೆದು, ಅಂಟಿನ ಅಂಶ ಕಡಿಮೆ, ಯೀಸ್ಟಿನ ಬ್ರೆಡ್ಡಿಗೆ ಒಗ್ಗದಂಥದು. ಬೆಣ್ಣೆ ಕಡೆದು ಉಳಿದ ಮಜ್ಜಿಗೆಯಂತೂ ಮನೆಮನೆಯಲ್ಲಿತ್ತು. ಓವನ್ನು ಇಲ್ಲದವರು ಬೆಂಕಿಯ ಮೇಲೆ ಕಬ್ಬಿಣದ ಪಾತ್ರೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಜೇಜುರಿಯ ರೋಡಗೆಗೂ ಅದಕ್ಕೂ ದೂರವೇನೂ ಇಲ್ಲ.

ಹುಳಿ ಮತ್ತು ಸೋಡಾಗಳ ಪ್ರಮಾಣ ತಾಳೆಯಾಗಬೇಕು. ಇದೇ ಈ ಬ್ರೆಡ್ಡಿನ ಜೀವಾಳ. ರಸಾಯನಶಾಸ್ತ್ರದ ಲೆಕ್ಕದಂತೆ 84 ಗ್ರಾಂ ಸೋಡಾವನ್ನು ತೀರಿಸಲು 90 ಗ್ರಾಂ ಲ್ಯಾಕ್ಟಿಕ್ ಆಮ್ಲ ಬೇಕು. ಎಂದರೆ ಹೆಚ್ಚು ಕಡಿಮೆ ಸಮತೂಕ. ಚೆನ್ನಾಗಿ ಹುಳಿಯಾದ ಗಟ್ಟಿ ಮಜ್ಜಿಗೆಯಲ್ಲಿ ಶೇಕಡಾ ಒಂದರಷ್ಟು ಆಮ್ಲವಿರುತ್ತದೆಂದು ಹಿಡಿದರೆ, 400 ಮಿಲಿಲೀಟರಿನಲ್ಲಿ ನಾಲ್ಕು ಗ್ರಾಂ ಆಯಿತು. ಹಾಗಾದರೆ ಸೋಡಾವೂ ನಾಲ್ಕು ಗ್ರಾಂ ಮೀರಬಾರದು. ನಾವು ಊಟಕ್ಕೆ ಮಾಡಿಕೊಳ್ಳುವ ನೀರುಮಜ್ಜಿಗೆ ಇದಕ್ಕೆ ನಡೆಯುವುದಿಲ್ಲ. ಅದರಲ್ಲಿ ಹುಳಿಗಿಂತ ನೀರೇ ಅಧಿಕ. ಪೊಟ್ಟಣದ ಮಸಾಲೆ ಮಜ್ಜಿಗೆಯಂತೂ ಬೇಡವೇ ಬೇಡ, ಅದರಲ್ಲಿ ಮೊದಲೇ ಉಪ್ಪು ಸೇರಿರುತ್ತದೆ. ನಗರವಾಸಿಗಳು 300 ಗ್ರಾಂ ಗಟ್ಟಿ ಮೊಸರನ್ನು ಒಂದು ದಿನ ಹೊರಗಿಟ್ಟು ಹುಳಿಯಾಗಿಸಿ, 100 ಮಿಲಿಲೀಟರ್ ನೀರು ಬೆರೆಸಿ ಕಡೆದುಕೊಂಡರೆ ಉತ್ತಮ. ಜೇಜುರಿಯಲ್ಲಿ ನಮಗೆ ಈ ತೊಂದರೆ ಇಲ್ಲ. ನೆರೆಮನೆಯ ಒಕ್ಕಲುತನದವರು ಬೆಣ್ಣೆ ತೆಗೆದ ದಿನ ಒಂದು ತಂಬಿಗೆ ತಾಕವನ್ನು ತಾವಾಗಿಯೇ ಕಳಿಸಿಕೊಡುತ್ತಾರೆ. ಪ್ರತಿಯಾಗಿ ಅರ್ಧ ಬ್ರೆಡ್ಡು ಹೋಗುತ್ತದೆ. ಹುಳಿ ಮಜ್ಜಿಗೆಯನ್ನು ಕಲಾಯಿಯಿಲ್ಲದ ಹಿತ್ತಾಳೆ-ತಾಮ್ರದ ಪಾತ್ರೆಯಲ್ಲಿ ಇಡಬಾರದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು 500 ಗ್ರಾಂ, ಮಟ್ಟಸವಾಗಿ ಸವರಿದ ಮುಕ್ಕಾಲು ಚಹದ ಚಮಚ ಸೋಡಾ, ಉಪ್ಪು ಅರ್ಧದಿಂದ ಒಂದು ಚಮಚ. ಸೋಡಾದ ಹರಳನ್ನು ಚೆನ್ನಾಗಿ ಪುಡಿಮಾಡಿ, ಮೂರನ್ನೂ ಎರಡು ಬಾರಿ ಜರಡಿ ಹಿಡಿದು, ಜರಡಿಯಲ್ಲಿ ಉಳಿದ ತೌಡನ್ನು ಮರಳಿ ಹಿಟ್ಟಿಗೇ ಸೇರಿಸಬೇಕು. ನಡುವೆ ಗುಣಿ ಮಾಡಿ ಮಜ್ಜಿಗೆ ಸುರಿದು, ಕೈಬೆರಳುಗಳಿಂದ ಕೂಡಿಸಬೇಕು. ಇಲ್ಲಿ ನಮ್ಮ ಗೃಹಿಣಿಯರ ಅಭ್ಯಾಸವೇ ಅಡ್ಡಿಯಾಗುತ್ತದೆ. ಚಪಾತಿಯ ಹಿಟ್ಟನ್ನು ನಾದಿದಷ್ಟೂ ಒಳ್ಳೆಯದು. ಈ ಹಿಟ್ಟನ್ನು ನಾದಲೇಬಾರದು. ನಾದಿದರೆ ಗ್ಲೂಟೆನ್ ಎಂಬ ಅಂಟು ಬಿಗಿಯಾಗಿ ಬ್ರೆಡ್ಡು ಕಲ್ಲಿನಂತಾಗುತ್ತದೆ, ಹುಟ್ಟಿದ ಅನಿಲವೂ ಹೊರಟುಹೋಗುತ್ತದೆ. ಒಣ ಹಿಟ್ಟು ಕಾಣದಷ್ಟು ಕೂಡಿದರೆ ಸಾಕು. ಮುದ್ದೆ ಮೆದುವಾಗಿ, ಕೈಗೆ ತುಸು ಅಂಟುವಂತಿರಬೇಕು. ಗುಂಡಗೆ ಮಾಡಿ, ಮೇಲೆ ಚಾಕುವಿನಿಂದ ಆಳವಾಗಿ ಅಡ್ಡ-ಉದ್ದ ಗೀರಿದರೆ ಶಾಖ ನಡುವಿನವರೆಗೂ ಇಳಿಯುತ್ತದೆ. ಕಲಸಿದ ಮೇಲೆ ತಡಮಾಡದೆ ಒಲೆಗೆ ಇಡಬೇಕು. ಫೋನು ಬಂತೆಂದು ಕಾಲು ಗಂಟೆ ಬಿಟ್ಟರೆ ಉಬ್ಬು ಅಲ್ಲಿಗೇ ಮುಗಿಯಿತು.

ಓವನ್ನು ಇದ್ದವರು ಮೊದಲೇ 200 ಡಿಗ್ರಿಗೆ ಕಾಯಿಸಿ 40ರಿಂದ 45 ನಿಮಿಷ ಬೇಯಿಸಲಿ. ಇಲ್ಲದವರು ಅರ್ಧ ಪ್ರಮಾಣದಲ್ಲಿ ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲ ಮರಳನ್ನೋ ಹರಳುಪ್ಪನ್ನೋ ಹರಡಿ, ಮೇಲೆ ಸಿಂಬಿಯಂತೆ ಒಂದು ಕಬ್ಬಿಣದ ಬಳೆ ಇಟ್ಟು, ಹತ್ತು ನಿಮಿಷ ಕಾಯಿಸಿ, ಬ್ರೆಡ್ಡಿನ ತಟ್ಟೆಯನ್ನು ಅದರ ಮೇಲಿರಿಸಿ ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ ಬೇಯಿಸಬಹುದು. ಮುಕ್ಕಾಲು ಗಂಟೆಯ ನಂತರ ಮಗುಚಿ ಹಾಕಿ ಇನ್ನು ಹತ್ತು ನಿಮಿಷ ಬಿಟ್ಟರೆ ಮೇಲ್ಭಾಗವೂ ಕೆಂಪಗಾಗುತ್ತದೆ. ಪ್ರೆಷರ್ ಕುಕ್ಕರನ್ನು ನೀರಿಲ್ಲದೆ ಕಾಯಿಸುವ ಪದ್ಧತಿಯನ್ನು ನಾನು ಸೂಚಿಸಲಾರೆ. ಬೆಂದ ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಸೋಡಾ ಹೆಚ್ಚಾಯಿತೋ ಇಲ್ಲವೋ ಎಂದು ತಿಳಿಯಲು ಜೇಜುರಿಗೆ ತಕ್ಕ ಪರೀಕ್ಷೆಯೊಂದಿದೆ, ಅರಿಸಿನದ ಪರೀಕ್ಷೆ. ಆರತಿಯ ನೀರಿಗೆ ಅರಿಸಿನ ಹಾಕಿ ಸುಣ್ಣ ಬೆರೆಸಿದೊಡನೆ ಕೆಂಪಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕ್ಷಾರ ತಗುಲಿದರೆ ಅರಿಸಿನ ಕೆಂಪಾಗುವುದು ಅದರ ಗುಣ. ಚಿಟಿಕೆ ಅರಿಸಿನವನ್ನು ನೀರಿನಲ್ಲಿ ಕದಡಿ ಬ್ರೆಡ್ಡಿನ ಒಳಭಾಗಕ್ಕೆ ಒಂದು ಹನಿ ಮುಟ್ಟಿಸಬೇಕು. ಹಳದಿಯಾಗಿಯೇ ಉಳಿದರೆ ಹುಳಿ-ಸೋಡಾಗಳ ಖಾತೆ ತಾಳೆಯಾಗಿದೆ. ಕೆಂಪು ಛಾಯೆ ತಿರುಗಿದರೆ ಸೋಡಾ ಬಾಕಿ ಉಳಿದಿದೆ, ಮುಂದಿನ ಸಲ ಕಡಿಮೆ ಮಾಡಬೇಕು. ಅಂಥ ಬ್ರೆಡ್ಡಿಗೆ ಸಾಬೂನಿನ ವಾಸನೆಯೂ ಇರುತ್ತದೆ. ಹೆಚ್ಚಾದ ಕ್ಷಾರವು ಗೋಧಿಯಲ್ಲಿರುವ ಬಿ-1 ಜೀವಸತ್ವವನ್ನು ಕೆಡಿಸುವುದರಿಂದ ಇದು ರುಚಿಯ ಪ್ರಶ್ನೆ ಮಾತ್ರವಲ್ಲ. ಪರೀಕ್ಷೆಗೆ ಅಡುಗೆಮನೆಯ ಅರಿಸಿನವನ್ನೇ ಬಳಸಿರಿ, ಭಂಡಾರ ಹಣೆಗಿರಲಿ.

ಈಗ ರಕ್ತದೊತ್ತಡದವರ ಲೆಕ್ಕ. ಮನೆಯಲ್ಲಿ ಮಾಡಿದ್ದರಿಂದಲೇ ಉಪ್ಪು ಕಡಿಮೆಯಾಯಿತೆಂದು ಅನೇಕರು ಭಾವಿಸುತ್ತಾರೆ. ಹಾಗಿಲ್ಲ. ರಕ್ತದೊತ್ತಡಕ್ಕೆ ಸಂಬಂಧಿಸಿದ ಸೋಡಿಯಂ ಉಪ್ಪಿನಲ್ಲಿ ಇರುವಂತೆ ಸೋಡಾದಲ್ಲಿಯೂ ಇದೆ. ಉಪ್ಪಿನ ತೂಕದ ಶೇಕಡಾ 39ರಷ್ಟು, ಸೋಡಾದ ತೂಕದ ಶೇಕಡಾ 27ರಷ್ಟು. ನಾಲ್ಕು ಗ್ರಾಂ ಸೋಡಾದಿಂದ ಸುಮಾರು 1,100 ಮಿಲಿಗ್ರಾಂ, ಐದು ಗ್ರಾಂ ಉಪ್ಪಿನಿಂದ ಸುಮಾರು 1,970 ಮಿಲಿಗ್ರಾಂ, ಒಟ್ಟು 3,070. ಹದಿನಾರು ಹೋಳು ಮಾಡಿದರೆ ಹೋಳೊಂದಕ್ಕೆ 190ರ ಮೇಲೆ. ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಹೋಳಿಗೆ 130. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇರಲೆಂದು ಹೇಳುತ್ತದೆ. ಅಂದರೆ ಉಪ್ಪಿನ ರೂಪದಲ್ಲಿ ಐದು ಗ್ರಾಂ. ತಾಯಿಯವರು ಬೆಳಿಗ್ಗೆ ಎರಡು, ಸಂಜೆ ಎರಡು ಹೋಳು ತಿಂದರೆ ಮೊದಲ ಲೆಕ್ಕದಂತೆ 760 ಮಿಲಿಗ್ರಾಂ ಮೀರಿತು, ಎರಡನೆಯದರಂತೆ 520. ಈ ವ್ಯತ್ಯಾಸಕ್ಕಾಗಿಯೇ ಮನೆಯಲ್ಲಿ ಮಾಡಬೇಕು. ಉಪ್ಪಿನ ಚಮಚ ನಮ್ಮ ಕೈಯಲ್ಲಿರುತ್ತದೆ ಎಂಬುದೇ ಇದರ ಮುಖ್ಯ ಲಾಭ. ಅರ್ಧ ಉಪ್ಪಿನದನ್ನು ಮೊದಲು ತಿಂದಾಗ ಅವರು ಹೇಳಿದ್ದು ಇಷ್ಟೇ: "ಇರ್ಲಿ ತಮ್ಮಾ, ಸ್ವಲ್ಪ ಹುಳಿ ಐತಿ, ಬಾಯಿಗೆ ಹತ್ತತೈತಿ." ತುಸು ಹುಳಿ ಉಳಿದರೆ ಉಪ್ಪಿನ ಕೊರತೆ ಅಷ್ಟಾಗಿ ತೋರುವುದಿಲ್ಲ.

ಇದರ ಗುಣಗಾನದಲ್ಲಿ ಉತ್ಪ್ರೇಕ್ಷೆಯೂ ಉಂಟು. ಮಜ್ಜಿಗೆಯ ಉಪಕಾರಿ ಸೂಕ್ಷ್ಮಜೀವಿಗಳು ಕರುಳಿಗೆ ಹಿತವೆಂಬುದು ಮಜ್ಜಿಗೆ ಕುಡಿದವರಿಗೆ ಅನ್ವಯಿಸುವ ಮಾತು. ಒಲೆಯ ಶಾಖದಲ್ಲಿ ಅವು ಬದುಕುವುದಿಲ್ಲ. ಸಕ್ಕರೆ ಕಾಯಿಲೆಯವರು ಗೋಧಿಯೆಂದು ಧೈರ್ಯವಾಗಿ ನಾಲ್ಕಾರು ಹೋಳು ತಿನ್ನುವಂತಿಲ್ಲ; ಹೋಳೊಂದರಲ್ಲಿ ಸುಮಾರು 20 ಗ್ರಾಂ ಪಿಷ್ಟವಿರುತ್ತದೆ, ಅದನ್ನು ಚಪಾತಿಯ ಲೆಕ್ಕದಲ್ಲಿಯೇ ಕಳೆಯಬೇಕು. ಮೂತ್ರಪಿಂಡದ ಅಥವಾ ಹೃದಯದ ತೊಂದರೆಯುಳ್ಳವರು ಸೋಡಾದ ವಿಷಯವಾಗಿ ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗೋಧಿಯೇ ಒಗ್ಗದವರಿಗೆ ಇದು ಸರ್ವಥಾ ವರ್ಜ್ಯ.

ಒಲೆಯಿಂದ ಇಳಿಸಿದ ಬ್ರೆಡ್ಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಗಂಟೆ ಆರಗೊಟ್ಟು ಆಮೇಲೆ ಕೊಯ್ಯಬೇಕು; ಮೇಲ್ಪದರ ಮೆತ್ತಗಾಗಿ ವೃದ್ಧರಿಗೆ ಅನುಕೂಲವಾಗುತ್ತದೆ. ಅಂಗಡಿಯ ಬ್ರೆಡ್ಡಿನಲ್ಲಿ ಬೂಷ್ಟು ತಡೆಯಲು ಬೆರೆಸುವ ಪದಾರ್ಥಗಳು ಇದರಲ್ಲಿ ಇಲ್ಲವಾದ್ದರಿಂದ ಎರಡು ದಿನಕ್ಕಿಂತ ಹೆಚ್ಚು ಇಡಲಾಗದು. ಪುಣೆಯ ಮಳೆಗಾಲದಲ್ಲಿ ಅದೂ ಅನುಮಾನ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಅಷ್ಟನ್ನು ಮಾತ್ರ ಕೊಯ್ದು ಉಳಿದದ್ದನ್ನು ತಿನ್ನುವ ಜಿಪುಣತನ ಬೇಡ, ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹರಡಿರುತ್ತವೆ. ಬೂಷ್ಟಿಲ್ಲದೆ ಬರೀ ಗಟ್ಟಿಯಾಗಿದ್ದರೆ ಪುಡಿಮಾಡಿ, ಈರುಳ್ಳಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಉಪ್ಪಿಟ್ಟಿನಂತೆ ಮಾಡಬಹುದು. ಅದಕ್ಕೆ ಬೇರೆ ಉಪ್ಪು ಹಾಕಬೇಕಾಗಿಲ್ಲ.