ಎಲ್ಲರ ಸಲಹೆಯೂ ಎಲ್ಲರಿಗೂ ಹೊಂದುವುದಿಲ್ಲ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನದಿಂದಲೇ ನಿಮಗೆ ಸಲಹೆಗಳ ಸುರಿಮಳೆಯಾಗುತ್ತದೆ. ಅನ್ನ ಮುಟ್ಟಬೇಡಿ, ಚಪಾತಿ ತಿನ್ನಿ ಎನ್ನುತ್ತಾರೆ ಒಬ್ಬರು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಎಂದು ಇನ್ನೊಬ್ಬರು, ರಾತ್ರಿಯೂಟವನ್ನೇ ಬಿಡಿ ಎಂದು ಮತ್ತೊಬ್ಬರು. ಬರಿಹೊಟ್ಟೆಯಲ್ಲಿ ನಡೆದರೆ ಮಾತ್ರ ತೂಕ ಇಳಿಯುತ್ತದೆ ಎಂಬ ಮಾತೂ ಇದೆ. ಯಾವುದನ್ನು ನಂಬುವುದು?

ಇತ್ತೀಚೆಗೆ ಐವತ್ತು ದಾಟಿದ ಮಹಿಳೆಯೊಬ್ಬರು ಮಗನೊಂದಿಗೆ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಸಂಬಂಧಿಕರ ಮಾತು ಕೇಳಿ ರಾತ್ರಿಯೂಟ ಬಿಟ್ಟಿದ್ದರು. ಆದರೆ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ಸೇವಿಸುತ್ತಿದ್ದರು. ಫಜ್ರ್ ನಮಾಝಿನ ಬಳಿಕ ನಡೆಯಲು ಹೊರಟವರು ಬೆವತು, ಕೈಕಾಲು ನಡುಗಿ, ರಸ್ತೆಬದಿಯಲ್ಲೇ ಕುಸಿದು ಕೂತಿದ್ದರು. ಕಾರಣ, ಸಕ್ಕರೆ ಏರಿದ್ದಲ್ಲ, ತೀರಾ ಇಳಿದದ್ದು.

ಸಲಹೆ ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಅದರಿಂದ ಪ್ರಯೋಜನವಾಗಿತ್ತು. ಆದರೆ ಅವರು ಸೇವಿಸುತ್ತಿದ್ದುದು ಮೆಟ್‌ಫಾರ್ಮಿನ್ ಮಾತ್ರ. ಅದೊಂದನ್ನೇ ಸೇವಿಸುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳಾದರೋ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಆದ್ದರಿಂದ ಇಂತಹ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು, ಬರಿಹೊಟ್ಟೆಯಲ್ಲಿ ದೀರ್ಘ ನಡಿಗೆಗೂ ಹೋಗಬಾರದು. ರಮಝಾನ್ ಉಪವಾಸಕ್ಕೆ ಮೊದಲು ಮಾತ್ರೆಯ ಪ್ರಮಾಣ ಮತ್ತು ಸಮಯವನ್ನು ವೈದ್ಯರಿಂದ ಬದಲಾಯಿಸಿಕೊಳ್ಳಬೇಕು.

ಯುನಾನಿ ಶಾಸ್ತ್ರದಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳಲಾಗಿದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ಇವುಗಳ ಪ್ರಮಾಣವನ್ನು ಪ್ರತಿಯೊಬ್ಬರ ಮಿಝಾಜ್ ನೋಡಿ ನಿರ್ಧರಿಸಬೇಕು. ಪಕ್ಕದ ಮನೆಯವರ ಪಥ್ಯ ನಿಮ್ಮ ಪಥ್ಯವಲ್ಲ.

ಇನ್ನು ಅನ್ನ, ಚಪಾತಿಯ ಜಗಳ. ಎರಡರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಎರಡು ಚಪಾತಿಯಲ್ಲಿರುವಷ್ಟೇ ಪಿಷ್ಟ ಸುಮಾರು 150 ಗ್ರಾಂ ಅನ್ನದಲ್ಲಿದೆ. ಅನ್ನ ಬಿಟ್ಟು ಐದು ಚಪಾತಿ ತಿಂದರೆ ಲಾಭವೇನು? ತಟ್ಟೆಯ ಅರ್ಧದಷ್ಟು ತರಕಾರಿ, ಕಾಲು ಭಾಗ ಮೀನು, ಮೊಟ್ಟೆ ಅಥವಾ ಬೇಳೆಕಾಳು, ಉಳಿದ ಕಾಲು ಭಾಗದಲ್ಲಿ ಅನ್ನವೋ ಚಪಾತಿಯೋ ಇರಲಿ. ಬೆಲ್ಲ, ಜೇನು, ಖರ್ಜೂರಗಳೂ ಸಕ್ಕರೆಯನ್ನು ಏರಿಸುತ್ತವೆ. ಖರ್ಜೂರ ಸುನ್ನತ್ ಎಂದು ಬಟ್ಟಲು ತುಂಬ ತಿನ್ನಬೇಡಿ.

ವ್ಯಾಯಾಮ ಬೆಳಿಗ್ಗೆಯೋ ಸಂಜೆಯೋ ಎಂಬುದಕ್ಕಿಂತ ಅದು ದಿನವೂ ನಡೆಯುವುದು ಮುಖ್ಯ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಊಟದ ನಂತರ 10-15 ನಿಮಿಷ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. ಇಶಾಗೆ ಮೊದಲೇ ಊಟ ಮುಗಿಸಿ ಮಸೀದಿಗೆ ನಡೆದೇ ಹೋಗಿ ಬರುವುದು ಒಳ್ಳೆಯ ಅಭ್ಯಾಸ.

ಯಾವುದೇ ಹೊಸ ಸಲಹೆಯನ್ನು ಒಪ್ಪುವ ಮೊದಲು ಪರೀಕ್ಷಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ. ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ನಂತರ ಸಕ್ಕರೆ ನೋಡಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರದಿರಲಿ.

ಹಾಗಲರಸ, ಮೆಂತೆಯ ಜೊತೆ ಮಾತ್ರೆಯೂ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಯುನಾನಿ ಔಷಧಿ ಆರಂಭಿಸಿದಿರೆಂದು ಹಳೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಏನೇನು ಸೇವಿಸುತ್ತೀರೆಂದು ಇಬ್ಬರು ವೈದ್ಯರಿಗೂ ತಿಳಿಸಿ.

ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸವನ್ನು ಮುರಿಯಲೇಬೇಕು. ಜೀವ ರಕ್ಷಣೆಗೆ ಇಸ್ಲಾಮ್ ರಿಯಾಯಿತಿ ನೀಡಿದೆ.

ಆ ಮಹಿಳೆ ಈಗ ರಾತ್ರಿ ಮಿತವಾಗಿ ಊಟ ಮಾಡುತ್ತಾರೆ, ಊಟವಾದ ಮೇಲೆ ನಡೆಯುತ್ತಾರೆ. ಹೊಟ್ಟೆ ಬಿರಿಯುವಂತೆ ಉಣ್ಣದೆ ನೀರಿಗೂ ಉಸಿರಿಗೂ ಜಾಗ ಬಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಮ್ಮ ಪಥ್ಯದ ಆರಂಭ ಅಲ್ಲಿಂದಲೇ ಆಗಲಿ.