ಸೇರಿ ಹಾಡಿದರಷ್ಟೇ ಸಾಲದು

ವೃದ್ಧಾಶ್ರಮವನ್ನೂ ಶಿಶುವಿಹಾರವನ್ನೂ ಒಂದೇ ಸೂರಿನಡಿ ತಂದದ್ದು ಇಂದು ನಿನ್ನೆಯ ಮಾತಲ್ಲ. ಟೋಕಿಯೊದ ಕೊಟೋಯೆನ್ 1976ರಲ್ಲೇ ಇದನ್ನು ಮಾಡಿತು. ಸಿಯಾಟಲ್‌ನ ಪ್ರಾವಿಡೆನ್ಸ್ ಮೌಂಟ್ ಸೇಂಟ್ ವಿನ್ಸೆಂಟ್ 1991ರಲ್ಲಿ, ಲಂಡನ್ನಿನ ನೈಟಿಂಗೇಲ್ ಹೌಸ್ 2017ರಲ್ಲಿ ಅದೇ ದಾರಿ ಹಿಡಿದವು. ಇಂಥ ಕಡೆ ಹಾಡು, ಕುಣಿತ ಇದ್ದೇ ಇರುತ್ತವೆ. ಆದರೆ ಸಂಗೀತ ಚಿಕಿತ್ಸೆ ಅದಕ್ಕಿಂತ ಬೇರೆ. ಅಲ್ಲಿ ತರಬೇತಿ ಪಡೆದ ಚಿಕಿತ್ಸಕರಿರುತ್ತಾರೆ, ಮೊದಲೇ ಗೊತ್ತುಮಾಡಿಕೊಂಡ ಗುರಿಯಿರುತ್ತದೆ, ಅದು ಕೈಗೂಡಿತೋ ಇಲ್ಲವೋ ಎಂಬ ಲೆಕ್ಕವೂ ಇರುತ್ತದೆ.

ಆ ಲೆಕ್ಕವೇ ಕೆಲವೊಮ್ಮೆ ನಮ್ಮ ನಂಬಿಕೆಯನ್ನು ಅಲ್ಲಾಡಿಸುತ್ತದೆ. ಅಮೆರಿಕದ ಸಂಗೀತ ಚಿಕಿತ್ಸಕಿ ಮೆಲಿಟಾ ಬೆಲ್‌ಗ್ರೇವ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4ನೇ ತರಗತಿಯ 12 ಮಕ್ಕಳು, 14 ಹಿರಿಯರು ಅರ್ಧರ್ಧ ಗಂಟೆಯ 10 ಸೆಷನ್‌ಗಳಲ್ಲಿ ಕಲೆತರು. ಹಾಡುವುದು, ವಾದ್ಯ ನುಡಿಸುವುದು, ಸಂಗೀತಕ್ಕೆ ಮೈ ಆಡಿಸುವುದು, ವಿಷಯ ಕೊಟ್ಟು ಮಾತಾಡಿಸುವುದು ಎಂದು ನಾಲ್ಕು ಬಗೆಯ ಚಟುವಟಿಕೆಗಳು. ಇಬ್ಬರನ್ನೂ ಹೆಚ್ಚು ಬೆಸೆದದ್ದು ಹಾಡಲ್ಲ, ವಾದ್ಯವೂ ಅಲ್ಲ. ಮಾತು ಮತ್ತು ಚಲನೆ. ಯೋಚಿಸಿದರೆ ಇದರಲ್ಲಿ ವಿಚಿತ್ರವೇನಿಲ್ಲ. ಹಾಡುವಾಗ ಕಣ್ಣು ಪುಸ್ತಕದ ಮೇಲಿದ್ದರೂ ನಡೆಯುತ್ತದೆ, ಪಕ್ಕದವರು ಯಾರೆಂದು ನೋಡಬೇಕಾಗಿಲ್ಲ. ಕೋಲಾಟದಲ್ಲಿ ಹಾಗಲ್ಲ, ಎದುರಿನವರ ಕೋಲು ನೋಡದಿದ್ದರೆ ಬೆರಳಿಗೇ ಪೆಟ್ಟು! ಹಾಗಾಗಿ ವೃದ್ಧಾಶ್ರಮದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸಿ, ಬಿಸ್ಕತ್ತು ಹಂಚಿ, ಫೋಟೊ ತೆಗೆದು ಹೊರಡುವುದು ಚಿಕಿತ್ಸೆಯಲ್ಲ, ಕಾರ್ಯಕ್ರಮ.

ಇಷ್ಟು ಚಿಕ್ಕ ಗುಂಪನ್ನು ನಂಬುವುದು ಹೇಗೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ, ಆದರೆ ಅಧ್ಯಯನ ಹೇಳಿಕೊಂಡದ್ದೂ ಮಿತವಾಗಿಯೇ ಇದೆ. ಮಕ್ಕಳ ಬಗ್ಗೆ ಹಿರಿಯರ ಮನೋಭಾವ ಗಣನೀಯವಾಗಿ ಸುಧಾರಿಸಿತು. ಹಿರಿಯರ ಬಗೆಗಿನ ಮನೋಭಾವ ಅಳೆದಾಗ ಮಕ್ಕಳ ಅಂಕಗಳು ಮಾತ್ರ ಅಷ್ಟಾಗಿ ಏರಲಿಲ್ಲ, ಆದರೂ ಹಿರಿಯರನ್ನು ಬಣ್ಣಿಸುವಾಗ ಮಕ್ಕಳು ಬಳಸುತ್ತಿದ್ದ ನಕಾರಾತ್ಮಕ ಮಾತುಗಳು ಕಡಿಮೆಯಾದವು. ಪವಾಡವೆಂದು ಸಾರದೆ ಇದನ್ನು ಇದ್ದಷ್ಟೇ ಹೇಳಿರುವುದರಿಂದಲೇ ಈ ಅಧ್ಯಯನಕ್ಕೆ ತೂಕ. ಅಜ್ಜಿಯ ಮಡಿಲಲ್ಲಿ ಪದ್ಯ ಕಲಿತ ನಮಗೆ ಚಿಕಿತ್ಸಕರೇಕೆ ಎಂಬುದು ಇನ್ನೊಂದು ಆಕ್ಷೇಪ. ಮಡಿಲಿದ್ದ ಮನೆಗೆ ಬೇಡ. ಮಗ ಪುಣೆಯಲ್ಲಿ, ಮೊಮ್ಮಗಳು ವಿಡಿಯೊ ಕಾಲ್‌ನಲ್ಲಿ ಇರುವ ಮನೆಗಳ ಮಾತು ಬೇರೆ. ಇಂಥ ಸೆಷನ್‌ಗಳಲ್ಲಿಯೂ ಎಚ್ಚರ ಬೇಕು: ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಡೋಲಿನ ಸದ್ದು ಹಿಂಸೆಯಾಗಬಹುದು, ಮರೆವಿನ ಕಾಯಿಲೆಯವರು ಥಟ್ಟನೆ ಗದರಿದರೆ ಮಗು ಬೆದರುತ್ತದೆ. ಇಬ್ಬರಿಗೂ ಬೇಡವೆನ್ನುವ ಹಕ್ಕಿರಬೇಕು.

ಬಗೆಹರಿಯದ ತೊಡಕು ಒಂದಿದೆ. ಸೆಷನ್‌ಗಳು ಮುಗಿದ ಮೇಲೆ ಮಕ್ಕಳಿಗೆ ಪರೀಕ್ಷೆ, ರಜೆ, ಮುಂದಿನ ತರಗತಿ ಇದ್ದೇ ಇವೆ. ಈಗಷ್ಟೇ ಒಂದು ಹೆಸರು ಕಲಿತ ಹಿರಿಯರಿಗೆ ಆ ಹೊತ್ತಿನಲ್ಲಿ ಏನಿದೆ ಎಂಬುದು ಯಾವ ಯೋಜನೆಯ ಬಜೆಟ್ಟಿನಲ್ಲೂ ಸುಲಭಕ್ಕೆ ಸೇರುವುದಿಲ್ಲ.